ಹಿತ್ತಲಿಗೆ ಬೇಕಾದ ಚಾಕು ಮತ್ತು ಮಚ್ಚು: ಆರಿಸುವ ಕ್ರಮ

ಗುದ್ದಲಿ, ಸಲಿಕೆ, ಗೊಬ್ಬರಗಳನ್ನು ಕುರಿತು ಬೇಕಾದಷ್ಟು ವಿಚಾರಮಾಡುವ ತೋಟಪ್ರಿಯರು, ದಿನಕ್ಕೆ ಹತ್ತು ಸಲ ಕೈಗೆ ತೆಗೆದುಕೊಳ್ಳುವ ಚಾಕು ಮಚ್ಚುಗಳ ವಿಷಯದಲ್ಲಿ ಬಹುಮಟ್ಟಿಗೆ ಉದಾಸೀನರಾಗಿರುವರು. ಅಂಗಡಿಯಲ್ಲಿ ಕಣ್ಣಿಗೆ ಹೊಳೆದುದನ್ನೋ ಬೆಲೆಗೆ ಅಗ್ಗವಾದುದನ್ನೋ ಕೊಂಡುತರುವುದು, ಒಂದು ಮಳೆಗಾಲ ಕಳೆಯುವುದರೊಳಗಾಗಿ ಅದರ ಹಿಡಿ ಸಡಿಲವಾಗುವುದು, ಬಾಯಿ ಮಡಿಯುವುದು, ಅದನ್ನು ಮೂಲೆಗೆ ಎಸೆದು ಮತ್ತೊಂದನ್ನು ತರುವುದು, ಇದು ಅನೇಕ ಮನೆಗಳ ವಾಡಿಕೆ. ನಷ್ಟವು ಹಣಕ್ಕೆ ಮಾತ್ರವಾದರೆ ಸಹಿಸಬಹುದು. ಆದರೆ ಏಣಿಯ ಮೇಲೆ ನಿಂತು ಗರಿ ಕಡಿಯುವಾಗ ಅಲಗು ಹಿಡಿಯಿಂದ ಕಳಚಿ ಹಾರಿದರೆ ಕೆಳಗಿರುವವರ ಪ್ರಾಣಕ್ಕೇ ಅಪಾಯವುಂಟು. ಮೊಂಡು ಬಾಯಿಯಿಂದ ಜಜ್ಜಿದ ಗಾಯಗಳ ಮೂಲಕ ಕೀಟವೂ ರೋಗವೂ ಒಳಹೊಕ್ಕು, ಹಿರಿಯರು ನೆಟ್ಟ ಮರವೇ ಕೆಡುವುದುಂಟು. ಆದಕಾರಣ ಒಳ್ಳೆಯ ಅಲಗನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಕೊಳ್ಳುವವನೇ ಪರೀಕ್ಷಕನಾಗಬೇಕು

ಬೆಂಗಳೂರಿನ ಚಾಮರಾಜಪೇಟೆಯು ೧೮೯೨ರಲ್ಲಿ ಏರ್ಪಟ್ಟಿತು. ೧೮೯೮ರ ಪ್ಲೇಗಿನ ಹಾವಳಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದು ಗಾಳಿ ಬೆಳಕುಗಳನ್ನು ಒದಗಿಸುವುದೇ ಈ ಬಡಾವಣೆಗಳ ಉದ್ದೇಶವಾಗಿದ್ದುದರಿಂದ, ಅನೇಕ ಮನೆಗಳ ಸುತ್ತ ಒಂದಿಷ್ಟು ಬಯಲು ಉಳಿಯಿತು. ಆ ಬಯಲಿನಲ್ಲಿ ತೆಂಗು, ಮಾವು, ಸಂಪಿಗೆ, ನಿಂಬೆ, ಕರಿಬೇವು, ನುಗ್ಗೆ, ಬಾಳೆಗಳು ಬೇರೂರಿದುವು. ಮಲ್ಲೇಶ್ವರದಲ್ಲಿ ಸಂಪಿಗೆಯ ಹೆಸರಿನದೊಂದು, ಬೇವಿನ ಇಂಗ್ಲಿಷ್ ಹೆಸರಾದ ಮಾರ್ಗೋಸಾ ಎಂಬುದೊಂದು, ಹೀಗೆ ಮರಗಳ ಹೆಸರಿನ ರಸ್ತೆಗಳೇ ಇವೆ. ಈಗ ಅಂಥ ಮನೆಗಳಲ್ಲಿ ಎಷ್ಟೋ ಅಳಿದು ಬಹುಮಹಡಿಯ ಕಟ್ಟಡಗಳು ಎದ್ದಿದ್ದರೂ, ಉಳಿದ ಹಿತ್ತಲುಗಳಲ್ಲಿ ಅಲಗಿನ ಕೆಲಸವು ವರ್ಷವಿಡೀ ಇದ್ದೇ ಇರುತ್ತದೆ.

ಹಳ್ಳಿಯ ರೈತನಿಗೂ ಈ ನಗರವಾಸಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಹಿಂದೆ ನಮ್ಮ ಹಳ್ಳಿಗಳ ಆಯಗಾರರಲ್ಲಿ ಕಮ್ಮಾರನೂ ಒಬ್ಬನಾಗಿದ್ದನು. ಸುಗ್ಗಿಯಲ್ಲಿ ತನ್ನ ಪಾಲಿನ ಧಾನ್ಯವನ್ನು ಪಡೆದು ವರ್ಷವೆಲ್ಲ ರೈತರ ಉಪಕರಣಗಳನ್ನು ಸರಿಪಡಿಸಿಕೊಡುವುದು ಅವನ ಹೊಣೆ. ಅವನು ಮಾಡಿದ ಕುಡುಗೋಲು ಕೆಟ್ಟರೆ ಮಾರನೆಯ ಬೆಳಗ್ಗೆಯೇ ರೈತನು ಕುಲುಮೆಯ ಮುಂದೆ ಬಂದು ನಿಲ್ಲುತ್ತಿದ್ದನು. ವಸ್ತುವಿನ ಗುಣಕ್ಕೆ ಈ ಪರಿಚಯವೇ ಜಾಮೀನು. ನಗರದಲ್ಲಿ ಕೊಳ್ಳುವವನು ಮಾಡಿದವನನ್ನು ನೋಡುವುದೇ ಅಪೂರ್ವ. ಇತ್ತೀಚೆಗೆ ವಸ್ತುವನ್ನು ಮುಟ್ಟಿನೋಡದೆ ಚಿತ್ರವನ್ನು ನೋಡಿಯೇ ತರಿಸಿಕೊಳ್ಳುವುದೂ ಬಳಕೆಗೆ ಬಂದಿದೆ. ಕಮ್ಮಾರನ ಜಾಮೀನು ಇಲ್ಲದ ಕಡೆ ಕೊಳ್ಳುವವನೇ ಅಲಗನ್ನು ಓದಲು ಕಲಿಯಬೇಕು. ಇದು ಕಷ್ಟದ ವಿದ್ಯೆಯಲ್ಲ.

ಮೊದಲು ಕೆಲಸ, ಆಮೇಲೆ ಅಲಗು

ಎಲ್ಲ ಕೆಲಸಕ್ಕೂ ಒಂದೇ ಅಲಗು ಸಾಕೆಂದು ಭಾವಿಸುವುದು ಮೊದಲನೆಯ ದೋಷ. ಗಾಂಧಿಬಜಾರಿನಲ್ಲಿ ಎಳನೀರು ಮಾರುವವರ ಮಚ್ಚನ್ನು ಗಮನಿಸಬೇಕು. ಅದು ಅಗಲವಾಗಿಯೂ ಭಾರವಾಗಿಯೂ ಇರುತ್ತದೆ. ಕಾಯನ್ನು ಕೆತ್ತುವಾಗ ತೋಳಿನ ಬಲಕ್ಕಿಂತ ಅಲಗಿನ ಭಾರವೇ ಹೆಚ್ಚು ಕೆಲಸ ಮಾಡುವುದರಿಂದ, ದಿನಕ್ಕೆ ನೂರಾರು ಕಾಯಿ ಕೆತ್ತಿದರೂ ಕೈ ಸೋಲುವುದಿಲ್ಲ. ಆದರೆ ಅದೇ ಮಚ್ಚಿನಿಂದ ಗುಲಾಬಿಯ ಕಡ್ಡಿಯನ್ನು ಸವರಲಾಗದು, ಕಸಿಗೆ ತೊಗಟೆ ಬಿಡಿಸಲಾಗದು. ಮಲೆನಾಡಿನ ಅಡಕೆ ತೋಟಿಗರು ಸೊಂಟದ ಕೊಕ್ಕೆಯಲ್ಲಿ ತೂಗಹಾಕುವ, ಮೊನೆ ಬಾಗಿದ ಕತ್ತಿಯೂ, ಕೊಡವರ ಒಡಿಕತ್ತಿಯೂ ಆಯಾ ಸೀಮೆಯ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡವುಗಳೇ.

ಬೆಂಗಳೂರಿನ ಹಿತ್ತಲಿಗೆ ಎರಡು ಅಲಗುಗಳು ಸಾಕು. ಒಂದು, ನಾಲ್ಕು ಅಂಗುಲ ಉದ್ದದ, ಮಡಿಸಲಾಗದ ಚಾಕು: ಕರಿಬೇವು ಕೊಯ್ಯುವುದಕ್ಕೆ, ಹಗ್ಗ ಕತ್ತರಿಸುವುದಕ್ಕೆ, ಸಸಿಗಳ ಚೀಲ ಸೀಳುವುದಕ್ಕೆ, ಊರೆಗೋಲು ಚೂಪುಮಾಡುವುದಕ್ಕೆ, ಎಳೆಯ ಕಡ್ಡಿಗಳನ್ನು ಸವರುವುದಕ್ಕೆ. ಇನ್ನೊಂದು, ಎಂಟು ಒಂಬತ್ತು ಅಂಗುಲದ ಮಚ್ಚು: ತೆಂಗಿನ ಗರಿ, ಬಾಳೆಯ ದಿಂಡು, ಒಣ ಸೌದೆಗಳಿಗಾಗಿ. ಹೆಬ್ಬೆರಳಿಗಿಂತ ದಪ್ಪವಾದ ಹಸಿಯ ಕೊಂಬೆಗೆ ಇವೆರಡೂ ತಕ್ಕವಲ್ಲ. ಅದಕ್ಕೆ ಗರಗಸವನ್ನೇ ಬಳಸತಕ್ಕದ್ದು. ರಜಾದಿನಗಳಲ್ಲಿ ಬೆಟ್ಟಗುಡ್ಡಗಳಿಗೆ ಹೋಗಿ ಬಯಲಿನಲ್ಲಿ ಅಡಿಗೆ ಮಾಡಿಕೊಳ್ಳುವ ಉತ್ಸಾಹಿಗಳಿಗೂ ಮೇಲೆ ಹೇಳಿದ ಚಿಕ್ಕ ಚಾಕುವೇ ಸಾಕಾಗುತ್ತದೆ.

ಮಡಿಸುವ ಚಾಕು ಜೇಬಿಗೆ ಅನುಕೂಲವೇನೋ ನಿಜ. ಆದರೆ ಅದರ ಬಲವೆಲ್ಲ ಒಂದು ಸಣ್ಣ ಕೀಲಿನಲ್ಲಿದೆ. ತೋಟದ ಮಣ್ಣು, ಗಿಡದ ಸೊನೆ, ತೇವಗಳು ಆ ಸಂದಿಯಲ್ಲಿ ಸೇರಿ ಅದನ್ನು ಬಿಗಿಸುತ್ತವೆ ಅಥವಾ ಸವೆಸುತ್ತವೆ. ಬಲವಾಗಿ ಒತ್ತಿದಾಗ ಅಲಗು ಬೆರಳಿನ ಮೇಲೆ ಮಡಿಚಿಕೊಳ್ಳುವ ಭಯವೂ ಇದೆ. ಒಂದೇ ತುಂಡಿನ ಅಲಗಿಗೆ ಇಂಥ ದೋಷವಿಲ್ಲ. ತೊಳೆದು ಒರೆಸುವುದೂ ಸುಲಭ.

ಕಬ್ಬಿಣವೋ ಉಕ್ಕೋ

ಬಾಯಿಯು ಹರಿತವನ್ನು ಹಿಡಿದು ನಿಲ್ಲಬೇಕಾದರೆ ಅಲಗು ಉಕ್ಕಿನದಾಗಿರಬೇಕು. ಕಬ್ಬಿಣದೊಡನೆ ಸೇರಿದ ಇಂಗಾಲದ ಪ್ರಮಾಣವೇ ಇಲ್ಲಿ ಮುಖ್ಯ. ಬಾಗಿಲ ಸರಳು, ತಗಡು ಮೊದಲಾದುವುಗಳಿಗೆ ಉಪಯೋಗಿಸುವ ಮೃದುವಾದ ಲೋಹದಲ್ಲಿ ನೂರಕ್ಕೆ ಕಾಲು ಭಾಗಕ್ಕಿಂತ ಕಡಮೆ ಇಂಗಾಲವಿರುವುದರಿಂದ, ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ತಕ್ಕಷ್ಟು ಗಡಸಾಗದು. ಅಲಗಿಗೆ ಒದಗುವ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಅರ್ಧದಿಂದ ಒಂದು ಭಾಗದವರೆಗೆ ಇಂಗಾಲವಿರುತ್ತದೆ.

ಈ ಭೇದವನ್ನು ನಮ್ಮ ಸೀಮೆಯ ಕುಶಲಿಗಳು ಬಹುಕಾಲದಿಂದ ಬಲ್ಲರು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಇಲ್ಲಿಯವರು ಕಬ್ಬಿಣವನ್ನು ಮಣ್ಣಿನ ಮೂಸೆಗಳಲ್ಲಿಟ್ಟು ಉಕ್ಕುಮಾಡುತ್ತಿದ್ದ ರೀತಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ವಿವರಿಸಿದ್ದಾನೆ. ಆ ಕೈಗಾರಿಕೆಯು ಅಳಿದಮೇಲೆ, ೧೯೨೩ರಲ್ಲಿ ಭದ್ರಾವತಿಯಲ್ಲಿ ಮರದ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸುವ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕಮ್ಮಾರನು ಅಲಗಿನ ಮೈಯನ್ನು ಕಬ್ಬಿಣದಿಂದ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿಯನ್ನು ಬೆಸೆಯುತ್ತಿದ್ದುದುಂಟು. ಈಗಿನ ಕುಲುಮೆಗಳಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳಿಂದ ಮಚ್ಚು ಮಾಡುವುದು ವಾಡಿಕೆ. ಆ ಉಕ್ಕು ಮಚ್ಚಿಗೆ ಬಹಳ ಒಳ್ಳೆಯದು. ಆದರೆ ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದುದರಿಂದ, ಅಲಗನ್ನು ಬೆಳಕಿಗೆ ಹಿಡಿದು ಎರಡು ಮುಖಗಳನ್ನೂ ಸಾವಧಾನವಾಗಿ ನೋಡಬೇಕು. ಬೆರಳಿನಿಂದ ಹಿಡಿದು ತೂಗಿಸಿ ಮೆಲ್ಲನೆ ತಟ್ಟಿದರೆ ಒಳ್ಳೆಯ ಅಲಗು ಗಂಟೆಯಂತೆ ನಾದಗೊಡುವುದು. ಬಿರುಕುಬಿಟ್ಟುದು ಒಡಕು ದನಿಗೊಡುವುದು.

ತುಕ್ಕು ಹಿಡಿಯದ ಉಕ್ಕಿನ ವಿಚಾರವಾಗಿ ಎರಡು ಮಾತು. ಅದರಲ್ಲಿ ಕ್ರೋಮಿಯಮ್ ಎಂಬ ಲೋಹವು ಸೇರಿರುತ್ತದೆ. ಮಾವಿನ ಸೊನೆ, ನಿಂಬೆಯ ಹುಳಿ, ಎಳನೀರುಗಳಿಂದ ಅದು ಬೇಗನೆ ಕೆಡುವುದಿಲ್ಲ. ಅಲಗನ್ನು ಒರೆಸಿಡುವ ಅಭ್ಯಾಸವಿಲ್ಲದವರಿಗೂ ಅಡಿಗೆಮನೆಗೂ ಅದು ಹಿತಕರ. ಆದರೆ ಅಗ್ಗದ ಜಾತಿಯಲ್ಲಿ ಗಡಸುತನವು ಕಡಮೆ, ಉತ್ತಮ ಜಾತಿಯನ್ನು ಸಾಮಾನ್ಯ ಕಲ್ಲಿನ ಮೇಲೆ ಮಸೆಯುವುದು ಕಷ್ಟ. ಹಿತ್ತಲಿನಲ್ಲಿ ದುಡಿಯುವವನಿಗೆ ಸಾದಾ ಉಕ್ಕೇ ಲೇಸು. ಅದು ಕಪ್ಪಾಗುವುದು ದೋಷವಲ್ಲ. ಬಾಳೆ, ಮಾವುಗಳ ಒಗರುರಸದಿಂದ ಉಂಟಾಗುವ ಆ ಕಪ್ಪಿಗೂ ಅಲಗನ್ನು ತಿನ್ನುವ ಕೆಂಪು ತುಕ್ಕಿಗೂ ಭೇದವಿದೆ.

ಹದವೇ ಪ್ರಾಣ

ಉಕ್ಕು ಒಳ್ಳೆಯದಾದ ಮಾತ್ರಕ್ಕೆ ಅಲಗು ಒಳ್ಳೆಯದಾಗದು. ಕಮ್ಮಾರನು ಕೊಡುವ ಹದವೇ ಅದರ ಪ್ರಾಣ. ಸಿದ್ಧವಾದ ಅಲಗನ್ನು ಸುಮಾರು ೮೦೦ ಸೆಂಟಿಗ್ರೇಡ್ ಡಿಗ್ರಿಯವರೆಗೆ, ಎಂದರೆ ಕೆಂಪಗೆ ಕಾಯುವವರೆಗೆ, ಕುಲುಮೆಯಲ್ಲಿಟ್ಟು ತಟ್ಟನೆ ನೀರಿಗೋ ಎಣ್ಣೆಗೋ ಅದ್ದುವರು. ಈ ಹಂತದಲ್ಲಿ ಉಕ್ಕು ಗಾಜಿನಂತೆ ಗಡಸಾಗುವುದು, ಗಾಜಿನಂತೆಯೇ ಒಡೆಯುವುದು. ಆದುದರಿಂದ ಅದನ್ನು ಮತ್ತೆ ಹಗುರವಾಗಿ ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಮೈಯ ಮೇಲೆ ಆಗ ಒಂದರ ಹಿಂದೊಂದು ಬಣ್ಣ ಏರುವುದು: ಸುಮಾರು ೨೩೦ ಡಿಗ್ರಿಗೆ ಒಣಹುಲ್ಲಿನ ಬಣ್ಣ, ೨೬೦ಕ್ಕೆ ಕಂದು, ೨೮೦ಕ್ಕೆ ನೇರಳೆ, ೩೦೦ಕ್ಕೆ ನೀಲಿ. ಚಾಕುವನ್ನು ಹುಲ್ಲಿನ ಬಣ್ಣದಲ್ಲಿಯೂ, ಪೆಟ್ಟು ತಾಳಬೇಕಾದ ಮಚ್ಚನ್ನು ಕಂದು ನೇರಳೆಗಳ ನಡುವೆಯೂ ನಿಲ್ಲಿಸುವುದು ಕ್ರಮ. ಜಾಣ ಕಮ್ಮಾರನು ಬೆನ್ನನ್ನು ಮೆತುವಾಗಿ ಬಿಟ್ಟು ಬಾಯಿಯನ್ನು ಮಾತ್ರ ಗಡಸುಮಾಡುವನು. ಅಂಥ ಅಲಗು ಹರಿತವನ್ನೂ ಹಿಡಿಯುವುದು, ಪೆಟ್ಟಿಗೂ ಮುರಿಯದು.

ಹದವನ್ನು ಕೊಳ್ಳುವಾಗಲೇ ಪರೀಕ್ಷಿಸಲು ಮೂರು ಸುಲಭ ವಿಧಾನಗಳುಂಟು.

ಮೊದಲನೆಯದು ಅರದ ಪರೀಕ್ಷೆ. ಒಂದು ಸಣ್ಣ ಅರವನ್ನು ಬಾಯಿಯ ಮೂಲೆಯಲ್ಲಿ ಮೆಲ್ಲನೆ ಎಳೆಯಬೇಕು. ಬೆಣ್ಣೆಯನ್ನು ಕೊರೆದಂತೆ ಅರವು ಕಚ್ಚಿದರೆ ಬಾಯಿ ಮೆತು. ಸ್ವಲ್ಪವೂ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಮೀರಿದ ಗಡಸು, ಮಚ್ಚಿಗೆ ತಕ್ಕುದಲ್ಲ. ಪ್ರಯಾಸದಿಂದ ತುಸುವೇ ಕಚ್ಚಿದರೆ ಹದ ಸರಿಯಾಗಿದೆ.

ಎರಡನೆಯದು ಹಿತ್ತಾಳೆಯ ಪರೀಕ್ಷೆ. ಇದು ಚಾಕುವಿಗೆ ವಿಶೇಷವಾಗಿ ಒಪ್ಪುವುದು. ಉರುಟಾದ ಹಿತ್ತಾಳೆಯ ಸರಳಿನ ಮೇಲೆ ಹರಿತವಾದ ಬಾಯಿಯನ್ನು ಓರೆಯಾಗಿ ಇಟ್ಟು ಹಗುರವಾಗಿ ಒತ್ತಿ, ಬೆಳಕಿನಲ್ಲಿ ನೋಡಬೇಕು. ಬಾಯಿಯು ಕೂದಲೆಳೆಯಷ್ಟು ಬಾಗಿ ಒತ್ತಡ ಬಿಟ್ಟೊಡನೆ ಮೊದಲಿನಂತಾದರೆ ಒಳ್ಳೆಯ ಹದ. ಬಾಗಿದಂತೆಯೇ ಉಳಿದರೆ ಮೆತು. ಚಕ್ಕೆ ಎದ್ದರೆ ಅತಿ ಗಡಸು.

ಮೂರನೆಯದು ಕಿಡಿಯ ಪರೀಕ್ಷೆ; ಇದು ಹದವನ್ನಲ್ಲ, ಲೋಹವನ್ನು ತಿಳಿಸುತ್ತದೆ. ಸಾಣೆಚಕ್ರಕ್ಕೆ ಅಲಗಿನ ಬೆನ್ನನ್ನು ತಗುಲಿಸಿದಾಗ ಉದ್ದವಾದ ಸರಳ ಗೆರೆಗಳಷ್ಟೇ ಹಾರಿದರೆ ಇಂಗಾಲ ಕಡಮೆ. ಮತಾಪಿನಂತೆ ಕವಲೊಡೆದು ಸಿಡಿದರೆ ಇಂಗಾಲ ತಕ್ಕಷ್ಟಿದೆ.

ಇಂಥ ಪರೀಕ್ಷೆಗೆ ಎಲ್ಲ ಅಂಗಡಿಯವರೂ ಒಪ್ಪಲಾರರು. ಒಪ್ಪುವವನಲ್ಲಿ ಕೊಳ್ಳುವುದೇ ಲೇಸು.

ಆಕಾರ ಮತ್ತು ದಪ್ಪ

ಚಾಕುವಿನ ಬೆನ್ನು ಎರಡೂವರೆಯಿಂದ ಮೂರು ಮಿಲಿಮೀಟರು ದಪ್ಪವಿದ್ದರೆ ಸಾಕು. ಇದಕ್ಕಿಂತ ದಪ್ಪವಾದುದು ನೋಡಲು ಗಂಭೀರವಾಗಿದ್ದರೂ ಕೊಯ್ಯುವ ಬದಲು ಸೀಳುತ್ತದೆ. ಮಚ್ಚಿನ ಬೆನ್ನು ನಾಲ್ಕರಿಂದ ಆರು ಮಿಲಿಮೀಟರಿದ್ದು, ಬಾಯಿಯ ಕಡೆಗೆ ಕ್ರಮವಾಗಿ ತೆಳುವಾಗುತ್ತ ಬಂದಿರಬೇಕು. ಒಂದೇ ದಪ್ಪದ ತಗಡಿಗೆ ಅಂಚನ್ನು ಮಾತ್ರ ಉಜ್ಜಿ ಬಾಯಿಮಾಡಿದ ಮಚ್ಚು ಹಸಿಯ ಗರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲಗನ್ನು ಕಣ್ಣಿನ ನೇರಕ್ಕೆ ಹಿಡಿದು ಬಾಯಿಯುದ್ದಕ್ಕೂ ನೋಡಿದರೆ ವಕ್ರತೆಯು ಕೂಡಲೇ ಗೊತ್ತಾಗುವುದು. ಕಸಿ ಕಟ್ಟುವವರ ಚಾಕುವಿಗೆ ಒಂದೇ ಮುಖದಿಂದ ಮಸೆದ ಬಾಯಿಯು ಅನುಕೂಲ. ಸೀಳು ನೇರವಾಗಿ ಬಂದು ಎರಡು ಕಡ್ಡಿಗಳು ಸಂದಿಲ್ಲದೆ ಕೂಡುವುವು. ಉಳಿದ ಕೆಲಸಗಳಿಗೆ ಎರಡು ಮುಖದ ಬಾಯಿಯೇ ಸರಿ.

ಹಿಡಿಯ ಒಳಗೇನಿದೆ

ಅಪಘಾತಗಳಿಗೆ ಬಹುಮಟ್ಟಿಗೆ ಕಾರಣವಾಗುವ ಭಾಗವು ಹೊರಗೆ ಕಾಣುವುದೇ ಇಲ್ಲ. ಅಲಗಿನಿಂದ ಮುಂದುವರಿದು ಹಿಡಿಯೊಳಗೆ ಹೋಗುವ ಬಾಲವೇ ಅದು. ಇದರಲ್ಲಿ ಮೂರು ಬಗೆಗಳನ್ನು ಕಾಣಬಹುದು. ಬಾಲವು ಹಿಡಿಯಷ್ಟೇ ಅಗಲವಾಗಿದ್ದು, ಎರಡು ಮಗ್ಗುಲಿಗೂ ಮರದ ಚಕ್ಕೆಗಳನ್ನಿಟ್ಟು ಮೊಳೆ ಹೊಡೆದು ಬಿಗಿದುದು ಮೊದಲನೆಯದು. ಬಾಲವು ಕಿರಿದಾಗಿ ಹಿಡಿಯ ನಡುವೆ ಹಾದು, ಹಿಂದುಗಡೆ ಹೊರಬಂದು ಅಲ್ಲಿ ಮಡಿಸಿ ಬಡಿದುದು ಎರಡನೆಯದು. ಎರಡೂ ನಂಬಿಕೆಗೆ ಯೋಗ್ಯ. ಒಂದೆರಡು ಅಂಗುಲದ ಮೊಂಡು ಬಾಲವನ್ನು ಹಿಡಿಯ ತೂತಿನಲ್ಲಿ ಅರಗಿನಿಂದಲೋ ಅಂಟಿನಿಂದಲೋ ಕೂರಿಸಿದುದು ಮೂರನೆಯದು. ಇದು ಅಡಿಗೆಮನೆಯ ಹಗುರ ಕೆಲಸಕ್ಕೆ ಸರಿಯೇ ಹೊರತು ಬೀಸಿ ಹೊಡೆಯುವ ಮಚ್ಚಿಗೆ ಸರ್ವಥಾ ಕೂಡದು. ಹಿಡಿಯ ಹಿಂದುಗಡೆ ಉಕ್ಕಿನ ತುದಿಯು ಕಾಣುವುದೇ, ಮಗ್ಗುಲಲ್ಲಿ ಮೊಳೆಗಳಿವೆಯೇ ಎಂಬುದನ್ನು ನೋಡಿದರೆ ಭೇದವು ತಿಳಿಯುವುದು. ಹಿಡಿಯ ಬಾಯಲ್ಲಿ ಕಬ್ಬಿಣದ ಬಳೆಯಿದ್ದರೆ ಮರವು ಸೀಳದು.

ಹಿಡಿಗೆ ಜಾಲಿ, ಬೀಟೆ, ಹೊನ್ನೆಗಳಂಥ ಬಿಗಿಯಾದ ಮರಗಳು ಒಳ್ಳೆಯವು. ನಯವಾದ ಪ್ಲಾಸ್ಟಿಕ್ ಹಿಡಿಯು ಬೆವರಿಗೂ ಮಳೆಗೂ ಜಾರುತ್ತದೆ. ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗಳು ಅಂಗೈಯನ್ನು ಹೆಚ್ಚುಕಡಮೆ ಮುಟ್ಟುವಷ್ಟು ದಪ್ಪವಿರಬೇಕು. ಹಿಂದುಗಡೆ ತುಸು ಉಬ್ಬಿ ಬಾಗಿದ್ದರೆ ಬೀಸುವಾಗ ಕೈಯಿಂದ ನುಣುಚದು. ಗಂಡಸಿನ ಕೈಗೆ ಹೊಂದಿದ ಹಿಡಿಯು ಹೆಂಗಸಿನ ಕೈಗೆ ಹೊಂದಬೇಕೆಂಬ ನಿಯಮವಿಲ್ಲ. ಯಾರು ಬಳಸುವರೋ ಅವರೇ ಹಿಡಿದು ನೋಡಿ ಆರಿಸತಕ್ಕದ್ದು. ಬೇಸಗೆಯಲ್ಲಿ ಮರ ಒಣಗಿ ಹಿಡಿ ಸಡಿಲವಾಗುವುದುಂಟು. ಅದನ್ನು ನೀರಿನಲ್ಲಿ ನೆನೆಹಾಕಿ ಬಿಗಿಯಾಯಿತೆಂದು ತಿಳಿಯುವುದು ಅಪಾಯ. ಒಣಗಿದೊಡನೆ ಮೊದಲಿಗಿಂತಲೂ ಸಡಿಲವಾಗುವುದು.

ಮರಕ್ಕೆ ನೋವಾಗದಂತೆ

ಒಳ್ಳೆಯ ಅಲಗನ್ನು ಕೆಟ್ಟದಾಗಿ ಬಳಸಿದರೆ ಫಲವಿಲ್ಲ. ತೆಂಗಿನ ಮರದ ಮೈಗೆ ಒಮ್ಮೆ ಆದ ಗಾಯವು ಮಾವಿನದರಂತೆ ಹೊಸ ತೊಗಟೆಯಿಂದ ಮುಚ್ಚಿಕೊಳ್ಳುವುದಿಲ್ಲ. ಹತ್ತುವುದಕ್ಕೆಂದು ಕಾಂಡದಲ್ಲಿ ಮೆಟ್ಟಿಲು ಕೊರೆಯುವುದು, ಹಸಿಯ ಗರಿಗಳನ್ನು ಬುಡಕ್ಕೆ ಒತ್ತಿ ಕಡಿಯುವುದು, ಇವೆರಡೂ ಮರಕ್ಕೆ ಅಹಿತ. ಕೆಂಪು ಮೂತಿ ಹುಳುವು ಇಂಥ ಗಾಯಗಳ ವಾಸನೆಗೆ ಬಂದು ಮೊಟ್ಟೆಯಿಡುವುದು. ಮರಿಗಳು ಒಳಗೆ ಕೊರೆದು, ಸುಳಿ ಬಾಡುವವರೆಗೆ ಮನೆಯವರಿಗೆ ಸುಳಿವೇ ಇರುವುದಿಲ್ಲ. ಕಾಂಡ ಸೋರುವ ರೋಗವೂ ಬಿರುಕು ಗಾಯಗಳ ಮೂಲಕವೇ ಒಳಸೇರುವುದು. ಹಸಿಯ ಗರಿಯನ್ನು ಕಡಿಯಲೇಬೇಕಾದರೆ ಕಾಂಡದಿಂದ ಸುಮಾರು ೧೨೦ ಸೆಂಟಿಮೀಟರು ದಿಂಡನ್ನು ಬಿಟ್ಟು, ಹರಿತವಾದ ಮಚ್ಚಿನಿಂದ ಒಂದೆರಡು ಪೆಟ್ಟಿಗೇ ಕಡಿಯಬೇಕು. ರೋಗ ತಗುಲಿದ ಗಿಡವನ್ನು ಸವರಿದ ಅಲಗನ್ನು ಸ್ಪಿರಿಟಿನಿಂದ ಒರೆಸದೆ ಇನ್ನೊಂದು ಗಿಡಕ್ಕೆ ಮುಟ್ಟಿಸಬಾರದು.

ಬಳಸಿದ ಮೇಲೆ ಅಲಗನ್ನು ತೊಳೆದು ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಚರ್ಮದ ಒರೆಯಲ್ಲಿಡದೆ ಒಣಗಿದ ಎಡೆಯಲ್ಲಿ, ಮಕ್ಕಳ ಕೈಗೆ ಎಟಕದಂತೆ ತೂಗಹಾಕಬೇಕು. ಚರ್ಮವು ತೇವವನ್ನು ಹಿಡಿದಿಟ್ಟು ತುಕ್ಕಿಗೆ ಎಡೆಗೊಡುತ್ತದೆ. ಒರೆಯು ಒಯ್ಯುವಾಗ ಮಾತ್ರ. ಮಸೆಯುವಾಗ ನೀರು ಚಿಮುಕಿಸುತ್ತ ಕಲ್ಲಿನ ಮೇಲೆ, ಚಾಕುವಿಗೆ ಒಂದೊಂದು ಮುಖಕ್ಕೆ ಹದಿನೈದು ಇಪ್ಪತ್ತು ಡಿಗ್ರಿಯ ಓರೆಯಲ್ಲಿ, ಮಚ್ಚಿಗೆ ಇನ್ನೂ ಸ್ವಲ್ಪ ಹೆಚ್ಚು ಓರೆಯಲ್ಲಿ ಮಸೆಯಬೇಕು. ವೇಗವಾದ ವಿದ್ಯುತ್ ಸಾಣೆಗೆ ಕೊಟ್ಟಾಗ ಬಾಯಿಯಲ್ಲಿ ನೀಲಿ ಕಲೆ ಕಾಣಿಸಿಕೊಂಡರೆ, ಮೇಲೆ ಹೇಳಿದ ೩೦೦ ಡಿಗ್ರಿಯ ಕಾವು ತಗುಲಿತೆಂದೂ ಅಷ್ಟು ಭಾಗದ ಹದ ಕೆಟ್ಟಿತೆಂದೂ ತಿಳಿಯಬೇಕು.

ಕಾನೂನಿನ ವಿಚಾರ

ಸ್ವಂತ ಹಿತ್ತಲಿನದೇ ಆದರೂ ಮರವನ್ನು ಉರುಳಿಸುವುದಕ್ಕೆ ೧೯೭೬ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿಯು ಬೇಕಾಗುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿಯಿರುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಹಸಿಯ ಕೊಂಬೆಯನ್ನು ಕಡಿಯುವುದೂ ಬೆಂಕಿ ಹಾಕುವುದೂ ಅಪರಾಧ. ೨೦೧೬ರ ಆಯುಧ ನಿಯಮಗಳು, ಒಂಬತ್ತು ಅಂಗುಲಕ್ಕಿಂತ ಉದ್ದವೋ ಎರಡು ಅಂಗುಲಕ್ಕಿಂತ ಅಗಲವೋ ಆದ ಅಲಗುಗಳನ್ನು ಆಯುಧಗಳ ವರ್ಗದಲ್ಲಿ ಎಣಿಸುತ್ತವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳ ಕೆಲಸಕ್ಕಾಗಿ ರೂಪಿಸಿದವು ಈ ವರ್ಗಕ್ಕೆ ಸೇರುವುದಿಲ್ಲ. ಹಾಗಿದ್ದರೂ ತೋಟದ ಮಚ್ಚನ್ನು ಬೀದಿಯಲ್ಲಿ ಬರಿದಾಗಿ ಹಿಡಿದು ತಿರುಗುವುದು ವಿವೇಕವಲ್ಲ. ಬಟ್ಟೆಯಲ್ಲಿ ಸುತ್ತಿ ಒಯ್ಯುವುದು ಲೇಸು.

ಕೊಳ್ಳುವವರು ನೆನಪಿಡತಕ್ಕ ಅಂಶಗಳು

೧. ಕೆಲಸವನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕ ಅಲಗನ್ನು ಕೇಳುವುದು.
೨. ಹೊಳಪಿಗೂ ಕೆತ್ತನೆಗೂ ಬೆಲೆ ಕೊಡದೆ ಬಾಯಿಯ ಹದವನ್ನು ಪರೀಕ್ಷಿಸುವುದು.
೩. ಅಲಗಿನ ಬಾಲವು ಹಿಡಿಯ ಕೊನೆಯವರೆಗೆ ಬಂದಿದೆಯೇ ಎಂದು ನೋಡುವುದು. ಬಾರದ ಮಚ್ಚನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡುವುದು.
೪. ಹಿಡಿಯು ಅಲುಗಿದ ದಿನವೇ ಕೆಲಸವನ್ನು ನಿಲ್ಲಿಸಿ, ಸರಿಪಡಿಸಿದ ಮೇಲೆಯೇ ಮುಂದುವರಿಸುವುದು.
೫. ಸಾಧ್ಯವಾದರೆ ಮಾಡಿದವನಿಂದಲೇ ಕೊಳ್ಳುವುದು. ಬಾಯಿ ಸವೆದಾಗ ಮತ್ತೆ ಬಡಿದು ಹದ ಕೊಡಬಲ್ಲವನು ಕಮ್ಮಾರನೊಬ್ಬನೇ. ಅವನ ಕೈಯ ಒಳ್ಳೆಯ ಮಚ್ಚನ್ನು ತಂದೆಯು ಬಳಸಿ ಮಗನಿಗೂ ಬಿಡಬಹುದು. ಹೀಗೆ ಕೊಳ್ಳುವವರು ಹೆಚ್ಚಿದಷ್ಟೂ, ನಗರದ ಅಂಚಿನಲ್ಲಿ ಉಳಿದಿರುವ ಕುಲುಮೆಗಳ ಬೆಂಕಿಯೂ ಆರದೆ ಉರಿಯುವುದು.